ಹಲ್ಲಿಗೆ ಇಷ್ಟೊಂದು ರಜೆನಾ ಮೇಡಮ್?

ನಮ್ಮ ತುಮಕೂರಲ್ಲಿ ಯಾರಿಗಾದರೂ ಕಾಲು ಉಳುಕಿದರೆ ಸೇಬು, ಮೂಸಂಬಿ ಹಿಡಿದುಕೊಂಡು ನೋಡೋಕೆ ಬರುತ್ತಾರೆ. ಜ್ವರ ಅಂದರೆ ಪಕ್ಕದ ಮನೆಯಿಂದ ಗಂಜಿ ಬರುತ್ತದೆ. ಹಲ್ಲು ಕೀಳಿಸಿದೆ ಅಂದರೆ ಮಾತ್ರ ನಗುತ್ತಾರೆ. ಅದೂ ಬುದ್ಧಿ ಹಲ್ಲು ಅಂದರೆ ಇನ್ನೂ ಜಾಸ್ತಿ. (ಬುದ್ಧಿ ಹೋಯ್ತಾ ಅನ್ನೋ ಜೋಕು ಕಾಮೆಂಟಲ್ಲಿ ಬೇಡ. ಎಲ್ಲಾ ಕೇಳಿ ಆಗಿದೆ.)

ನಾನು ಹೈಸ್ಕೂಲಲ್ಲಿ ಪಾಠ ಮಾಡುವವಳು. ರಜೆ ಅರ್ಜಿ ಕೊಟ್ಟಾಗ ಹೆಡ್‌ಮಾಸ್ಟರ್ ಕನ್ನಡಕ ಕೆಳಗಿಳಿಸಿ ನೋಡಿ, "ಹಲ್ಲಿಗೆ ಇಷ್ಟೊಂದು ರಜೆನಾ ಮೇಡಮ್?" ಅಂದರು. ಕೆಟ್ಟ ಮನುಷ್ಯರೇನಲ್ಲ. ಅವರ ಲೆಕ್ಕದಲ್ಲಿ ಹಲ್ಲು ಕೀಳಿಸೋದು ಅಂದರೆ ಇಕ್ಕಳ ಹಾಕಿ ಎಳೆಯೋದು, ಹತ್ತಿ ಕಚ್ಚಿಕೊಂಡು ಸಂಜೆ ಮನೆಗೆ ಬಂದು ಊಟ ಮಾಡೋದು. ಮುಂದಿನ ಅಲುಗಾಡುವ ಹಲ್ಲಿಗೆ ಅಷ್ಟೇ ಸಾಕು. ಅಡ್ಡ ಬಿದ್ದಿರುವ ಕಡೇ ದವಡೆ ಹಲ್ಲಿನ ಕಥೆ ಬೇರೆ. ಅದು ಆಪರೇಷನ್. ಒಸಡು ಕೊಯ್ಯುತ್ತಾರೆ, ಮೂಳೆ ಸವೆಸುತ್ತಾರೆ, ಹೊಲಿಗೆ ಹಾಕುತ್ತಾರೆ. ಹೊಟ್ಟೆ ಮೇಲೆ ಇಷ್ಟೇ ಉದ್ದದ ಹೊಲಿಗೆ ಬಿದ್ದಿದ್ದರೆ ಯಾರಾದರೂ ನಗುತ್ತಿದ್ದರಾ?

ಈ ಬುದ್ಧಿ ಹಲ್ಲುಗಳು ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನೊಳಗೆ ಬರುತ್ತವೆ. ಅಷ್ಟರಲ್ಲಿ ದವಡೆಯಲ್ಲಿ ಜಾಗ ಖಾಲಿ ಇರುವುದಿಲ್ಲ. ನನ್ನ ಎಡಗಡೆ ಕೆಳಗಿನದು ನೆಟ್ಟಗೆ ಏಳುವ ಬದಲು ಪಕ್ಕದ ಹಲ್ಲಿಗೆ ತಲೆ ಕೊಟ್ಟು ಮಲಗಿತ್ತು. ಅರ್ಧ ಹೊರಗೆ, ಅರ್ಧ ಒಳಗೆ. ಮೇಲೆ ಒಸಡಿನದೇ ಒಂದು ಮುಚ್ಚಳ. ಅದರ ಕೆಳಗೆ ಅನ್ನದ ಅಗುಳು ಸೇರಿಕೊಂಡರೆ ಬ್ರಶ್ಶೂ ಹೋಗಲ್ಲ, ಕಡ್ಡಿಯೂ ಹೋಗಲ್ಲ. ಅಲ್ಲೇ ಕೊಳೆತು ಬಾವು, ಕೀವು, ಬಾಯಿ ತುಂಬ ಕೆಟ್ಟ ರುಚಿ. ಮಾತ್ರೆ ನುಂಗಿದರೆ ಇಳಿಯುತ್ತಿತ್ತು. ಸರಿಯಾಗಿ ಪರೀಕ್ಷೆ ಪೇಪರ್ ತಿದ್ದುವ ಹೊತ್ತಿಗೆ ಮತ್ತೆ ಬರುತ್ತಿತ್ತು. ಕೊನೆಗೆ ಇಡೀ ದವಡೆಯ ಎಕ್ಸ್‌ರೇ ತೆಗೆಸಿದರು. ಓಪಿಜಿ ಅಂತಾರೆ ಅದಕ್ಕೆ. ಅದರಲ್ಲಿ ಆ ಹಲ್ಲು ಮಲಗಿದ್ದ ಭಂಗಿ ನೋಡಿದ ಮೇಲೆ ನಮ್ಮ ಮನೆಯವರೂ ಸುಮ್ಮನಾದರು.

ಕೀಳುವಾಗ ನೋವಾಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕಂದರೆ ಬಹಳ ಜನ ಇದಕ್ಕೇ ಹೆದರಿ ವರ್ಷಗಟ್ಟಲೆ ಲವಂಗ ಕಚ್ಚಿಕೊಂಡು ಕೂತಿರುತ್ತಾರೆ. ಬಾಯೊಳಗೆ ದವಡೆಯ ಹಿಂಭಾಗದಲ್ಲಿ ಇಂಜೆಕ್ಷನ್ ಹಾಕುತ್ತಾರೆ. ಕೆಳದವಡೆಗೆ ಹೋಗುವ ನರವೇ ಮರಗಟ್ಟುತ್ತದೆ. ಅರ್ಧ ತುಟಿ, ಅರ್ಧ ನಾಲಿಗೆ ನಮ್ಮದಲ್ಲ ಅನ್ನಿಸುತ್ತದೆ. ಔಷಧಿಯಲ್ಲಿ ಮರಗಟ್ಟಿಸುವ ಲಿಗ್ನೋಕೇನ್ ಜೊತೆ ಸ್ವಲ್ಪ ಅಡ್ರಿನಲಿನ್ ಇರುತ್ತದೆ, ರಕ್ತ ಜಾಸ್ತಿ ಹರಿಯದಿರಲಿ ಅಂತ. ಅದಕ್ಕೇ ಎರಡು ನಿಮಿಷ ಎದೆ ಡವಡವ ಹೊಡೆದುಕೊಳ್ಳುವುದು. ಹೆದರಬೇಕಾಗಿಲ್ಲ.

ನೋವಿಲ್ಲ, ಆದರೆ ಸದ್ದಿದೆ. ಒತ್ತಡ ಇದೆ. ಮಲಗಿದ ಹಲ್ಲನ್ನು ಇಡಿಯಾಗಿ ಎತ್ತುವುದಕ್ಕೆ ಆಗಲ್ಲ. ಡ್ರಿಲ್ ಹಿಡಿದು ತುಂಡು ಮಾಡಿ, ಒಂದೊಂದೇ ತುಂಡು ತೆಗೆಯುತ್ತಾರೆ. ನೀರು ಚಿಮ್ಮುತ್ತಲೇ ಇರುತ್ತದೆ, ಸ್ವಲ್ಪ ಕೆನ್ನೆ ಮೇಲೆ ಹರಿದು ಕಿವಿಗೆ ಇಳಿಯುತ್ತದೆ. ಹಲ್ಲು ಟಕ್ ಅಂತ ಸೀಳಿದ ಸದ್ದು ಹೊರಗಿನಿಂದ ಕೇಳಿಸುವುದಿಲ್ಲ, ತಲೆಬುರುಡೆಯ ಒಳಗಿನಿಂದಲೇ ಬರುತ್ತದೆ. ತಿಪಟೂರು ಕಡೆ ಕಾಯಿ ಸುಲಿಯುವವರು ಕಬ್ಬಿಣಕ್ಕೆ ಕಾಯಿ ಚುಚ್ಚಿ ಒಂದು ತಿರುವು ಕೊಡ್ತಾರಲ್ಲ, ಡಾಕ್ಟರ ಮಣಿಕಟ್ಟಿನಲ್ಲಿ ಅದೇ ತಿರುವು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಟಿಣ್ ಅಂತ ಒಂದು ಸದ್ದು. ಬೇರಿನ ತುದಿ ಕೊಕ್ಕೆಯ ಹಾಗೆ ಬಾಗಿತ್ತು. ಡಾಕ್ಟರ್ ಕೈ ನಿಜಕ್ಕೂ ಒಳ್ಳೆಯ ಕೈ. ಆ ವಿಷಯದಲ್ಲಿ ನನಗೆ ಒಂದು ಚೂರೂ ದೂರಿಲ್ಲ.

ನನ್ನ ದೂರು ಕುರ್ಚಿಯಿಂದ ಇಳಿದ ಮೇಲಿನದು.

ಬಾಯಲ್ಲಿ ಹತ್ತಿ ತುರುಕಿದ್ದಾರೆ. ತುಟಿ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ. ಆಗ ಕೌಂಟರಿನ ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಮುಕ್ಕಾಲು ಗಂಟೆ ಹತ್ತಿ ಕಚ್ಚಿ, ಉಗುಳಬೇಡಿ, ಬಿಸಿ ಬೇಡ, ಸ್ಟ್ರಾ ಬೇಡ, ಐಸ್ ಇಡಿ, ನಾಳೆಯಿಂದ ಉಪ್ಪು ನೀರು, ಮುಂದಿನ ವಾರ ಹೊಲಿಗೆ ಬಿಚ್ಚೋಕೆ ಬನ್ನಿ. ನಾನು ತಲೆ ಆಡಿಸಿದೆ. ಇನ್ನೇನು ಮಾಡಲಿ? ಮಾತಾಡೋಕೆ ಬಾಯಿ ಎಲ್ಲಿದೆ? ಜೊತೆಗೆ ಬಂದಿದ್ದ ನಮ್ಮ ಯಜಮಾನರು ಸ್ಕೂಟರ್ ತೆಗೆಯೋಕೆ ಹೊರಗೆ ಹೋಗಿದ್ದರು. ಬಿಲ್ಲಿಗೆ ಪಿನ್ ಹೊಡೆದು ಒಂದು ಚೀಟಿ ಕೊಟ್ಟರು. ಪೂರ್ತಿ ಇಂಗ್ಲಿಷ್, ಇರುವೆ ಸಾಲಿನಷ್ಟು ಸಣ್ಣ ಅಕ್ಷರ.

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವವರು ಅತ್ತೆ. ಬೆಳಗ್ಗೆ ಕನ್ನಡ ಪೇಪರನ್ನು ಟೆಂಡರ್ ಜಾಹೀರಾತಿನವರೆಗೂ ಬಿಡದೆ ಓದುತ್ತಾರೆ. ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಫ್ರಿಜ್ ಮೇಲಿಟ್ಟರು. ಪಾಪ, ಸೊಸೆ ಸುಸ್ತಾಗಿ ಬಂದಿದ್ದಾಳೆ ಅಂತ ಹೊಗೆಯಾಡುವ ಕಾಫಿ ತಂದುಕೊಟ್ಟರು. ನನ್ನ ತುಟಿಗೆ ಬಿಸಿ ಗೊತ್ತಾಗುತ್ತಿಲ್ಲ. ಅರ್ಧ ಒಳಗೆ, ಅರ್ಧ ಸೀರೆ ಮೇಲೆ.

ಸಂಜೆ ಹೊತ್ತಿಗೆ ಸಲಹಾ ಸಮಿತಿ ಸೇರಿತು. ಪಕ್ಕದ ಮನೆಯವರು, "ಬಿಸಿ ಉಪ್ಪು ನೀರು ಗಂಟಲವರೆಗೂ ತಗೊಂಡು ಚೆನ್ನಾಗಿ ಮುಕ್ಕಳಿಸಿ ಉಗೀರಿ" ಅಂದರು. ಅತ್ತೆ ಹೆಂಚಿನ ಮೇಲೆ ಬಟ್ಟೆ ಕಾಯಿಸಿ, "ಬಾರಮ್ಮ, ಶಾಖ ಕೊಡ್ತೀನಿ, ಊತ ಇಳಿಯುತ್ತೆ" ಅಂದರು. ಮೈದುನ ಗುಬ್ಬಿಯಿಂದ ಒಂದು ಗೊನೆ ಎಳನೀರು ತಂದ. ಕಲ್ಪತರು ನಾಡಿನಲ್ಲಿ ಎಳನೀರು ಇಲ್ಲದೆ ಯಾವ ಕಾಯಿಲೆ ಮುಗಿಯುತ್ತದೆ? ಕೆತ್ತಿ, ಸ್ಟ್ರಾ ಹಾಕಿ ಕೈಗೇ ಕೊಟ್ಟ. ಶಾಲೆಯ ಗೆಳತಿ ಫೋನಲ್ಲಿ, "ಒಂದು ಲವಂಗ ಇಟ್ಟುಕೊಳ್ಳೇ, ಎಲ್ಲಾ ಸರಿಹೋಗುತ್ತೆ" ಅಂದಳು.

ಈಗ ಯೋಚನೆ ಮಾಡಿದರೆ ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ಉಪ್ಪು ನೀರು ಬೇಕು, ಶಾಖ ಬೇಕು, ಎಳನೀರು ಒಳ್ಳೆಯದು, ಲವಂಗಕ್ಕೂ ಕೆಲಸ ಇದೆ. ದಿನ ತಪ್ಪು, ಇಲ್ಲಾ ರೀತಿ ತಪ್ಪು. ಯಾವುದನ್ನು ಯಾವ ದಿನ, ಹೇಗೆ ಅನ್ನೋದನ್ನು ನಮ್ಮತ್ತೆಗೆ ಅರ್ಥವಾಗುವ ಹಾಗೆ ಯಾರೂ ಹೇಳಿರಲಿಲ್ಲ.

ನಡೆಯುವುದು ಇಷ್ಟು. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟಬೇಕು. ಕೆಳಗಿನ ಮೂಳೆಯನ್ನೂ ನರದ ತುದಿಗಳನ್ನೂ ಆ ಹೆಪ್ಪೇ ಮುಚ್ಚುತ್ತದೆ. ಅದರ ಮೇಲೇ ಹೊಸ ಒಸಡು ಬೆಳೆಯುತ್ತದೆ. ಜೋರಾಗಿ ಉಗಿದರೆ, ಸ್ಟ್ರಾದಲ್ಲಿ ಎಳೆದರೆ, ಬೀಡಿ ಸಿಗರೇಟು ಸೇದಿದರೆ ಅದು ಕಿತ್ತು ಬರಬಹುದು. ಮೊದಲ ದಿನ ಬಿಸಿ ತಾಗಿದರೆ ರಕ್ತ ಮತ್ತೆ ಜಿನುಗಬಹುದು. ಅದಕ್ಕೇ ಮೊದಲ 24 ಗಂಟೆ ಬಾಯಿಗೆ ತಣ್ಣಗಿನದು, ಹೊರಗಡೆ ಬಟ್ಟೆಯಲ್ಲಿ ಸುತ್ತಿದ ಐಸು. ಹದಿನೈದು ಇಪ್ಪತ್ತು ನಿಮಿಷ ಇಡುವುದು, ಅಷ್ಟೇ ಹೊತ್ತು ಬಿಡುವುದು. ಉಪ್ಪು ನೀರು ಮಾರನೇ ದಿನದಿಂದ. ಅದೂ ಗಳಗಳ ಅನ್ನಿಸಿ ಉಗಿಯುವುದಲ್ಲ. ಬಾಯಲ್ಲಿ ಇಟ್ಟುಕೊಂಡು ತಲೆ ವಾಲಿಸಿ ಸಿಂಕಿಗೆ ಸುಮ್ನೆ ಬಿಡುವುದು. ಅತ್ತೆಯ ಶಾಖದ ಸರದಿ ಎರಡು ದಿನ ಕಳೆದ ಮೇಲೆ. ಆಗ ಬಿಗಿದುಕೊಂಡ ದವಡೆ ಸಡಿಲವಾಗೋಕೆ ಅದು ನಿಜಕ್ಕೂ ಬೇಕು. ಎಳನೀರು ಮೊದಲ ದಿನವೇ ಕುಡಿಯಬಹುದು, ಲೋಟಕ್ಕೆ ಬಗ್ಗಿಸಿಕೊಂಡು.

ಇನ್ನೊಂದು ವಿಷಯ ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ. ಊತ ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಜಾಸ್ತಿ. ಬೆಳಗ್ಗೆ ಕನ್ನಡಿ ನೋಡಿದರೆ ಒಂದು ಕೆನ್ನೆ ನಮ್ಮದು, ಇನ್ನೊಂದು ಯಾರದೋ. ಇದು ಮಾಮೂಲು, ಆಮೇಲೆ ಇಳಿಯುತ್ತದೆ. ಇಳಿಯುವ ಬದಲು ಏರುತ್ತಲೇ ಹೋದರೆ, ಜ್ವರ ಬಂದರೆ, ನುಂಗೋಕೆ ಉಸಿರಾಡೋಕೆ ಕಷ್ಟ ಆದರೆ ಯಾರ ಸಲಹೆಯನ್ನೂ ಕೇಳದೆ ಆಸ್ಪತ್ರೆಗೆ ಓಡಿ. ತುಟಿ ಮಾರನೇ ದಿನವೂ ಜೋಮು ಹಿಡಿದಂತೆಯೇ ಇದ್ದರೆ ಡಾಕ್ಟರಿಗೆ ಹೇಳಿ. ಕೆಳದವಡೆಯ ನರ ಈ ಹಲ್ಲಿನ ಬೇರಿನ ಹತ್ತಿರವೇ ಹಾದುಹೋಗುತ್ತದೆ. ಉಗುಳಿನ ಜೊತೆ ಸೇರಿದ ಒಂದು ಹನಿ ರಕ್ತ ಬಾಯಿ ತುಂಬ ಕೆಂಪಾಗಿ ಕಾಣುತ್ತದೆ, ಅದಕ್ಕೆ ಹೆದರಬೇಡಿ. ಮತ್ತೆ ಒಂದು ಮಾತು ಗಂಡಸರಿಗೆ: ಚೀಟಿಯಲ್ಲಿ ಮೆಟ್ರೋನಿಡಜೋಲ್ ಅನ್ನೋ ಮಾತ್ರೆ ಇದ್ದರೆ ಗುಂಡು ಬಂದ್. ನೋವು ಮರೆಯೋಕೆ ಒಂದೇ ಒಂದು ಪೆಗ್ ಅನ್ನೋ ಭಾವನೋರು ಎಲ್ಲರ ಮನೆಯಲ್ಲೂ ಇರುತ್ತಾರೆ.

ಊಟದ ವಿಷಯದಲ್ಲಿ ನಮ್ಮ ಬಯಲುಸೀಮೆಯವರು ಅದೃಷ್ಟವಂತರು. ಮುದ್ದೆಯನ್ನು ಅಗಿಯುವವರು ನಮ್ಮಲ್ಲಿ ಯಾರೂ ಇಲ್ಲ. ಬುದ್ಧಿ ಹಲ್ಲು ಕೀಳಿಸಿದವರಿಗೆ ಅಂತಲೇ ಮಾಡಿದ ಊಟ ಅನ್ನಿಸಿತು. ಆದರೆ ತಟ್ಟೆ ಮುಂದೆ ಕೂತ ಮೇಲೆ ಗೊತ್ತಾಯಿತು, ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯುತ್ತಿಲ್ಲ! ತುತ್ತು ಒಳಗೆ ಹೋದರೆ ತಾನೇ ನುಂಗೋದು? ಆರಿದ ಮುದ್ದೆ ನಮ್ಮ ಮನೆಯಲ್ಲಿ ನಾಯಿಯೂ ಮೂಸಲ್ಲ. ಕೊನೆಗೆ ಕಾಪಾಡಿದ್ದು ಅಂಬಲಿ. ರಾಗಿ ಹಿಟ್ಟು ತೆಳ್ಳಗೆ ಕಾಯಿಸಿ, ಪೂರ್ತಿ ಆರಿಸಿ, ಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು. ಈರುಳ್ಳಿ, ಹಸಿಮೆಣಸಿನಕಾಯಿ ಏನೂ ಇಲ್ಲ. ಬಾಯಿ ಸ್ವಲ್ಪ ತೆರೆದ ಮೇಲೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿ ಮೊಸರಲ್ಲಿ ಕಲಸಿಕೊಂಡು ತಿಂದೆ. ಚಟ್ನಿ ಕಡೆ ನೋಡಲಿಲ್ಲ. ಅನ್ನ ಮಾತ್ರ ಬೇಡ ಅಂತ ನನ್ನ ಅನುಭವ. ಒಂದು ಅಗುಳು ಆ ಗುಳಿಗೆ ಇಳಿದರೆ ಇಡೀ ಮಧ್ಯಾಹ್ನ ನಾಲಿಗೆಗೆ ಅದೇ ಕೆಲಸ.

ಇಷ್ಟರ ಮೇಲೆ ನನಗೆ ಡ್ರೈ ಸಾಕೆಟ್ ಕೂಡ ಆಯಿತು. ಹೆಪ್ಪು ನಿಲ್ಲದೆ ಮೂಳೆ ಬರಿದಾಗುವುದು. ನೋವು ಇಳಿಯುತ್ತಾ ಬಂದಿದೆ ಅನ್ನುವಾಗಲೇ ಇದು ಶುರುವಾಗುತ್ತದೆ. ಗುಳಿಯಲ್ಲಿ ಎದ್ದು ಕಿವಿಗೆ, ಅಲ್ಲಿಂದ ಕಣತಲೆಗೆ ಹತ್ತುವ ನೋವು, ಜೊತೆಗೆ ಕೆಟ್ಟ ವಾಸನೆ. ಮಾತ್ರೆಗೆ ಬಗ್ಗುವುದಿಲ್ಲ. ಕೆಳಗಿನ ಬುದ್ಧಿ ಹಲ್ಲಿಗೆ ಜಾಸ್ತಿ. ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಇನ್ನೂ ಜಾಸ್ತಿ. ಎಲ್ಲಾ ಸರಿಯಾಗಿ ಪಾಲಿಸಿದವರಿಗೂ ಬರಬಹುದು, ಹಾಗಾಗಿ ಅತ್ತೆಯ ಕಾಫಿ ಮೇಲೆ ತಪ್ಪು ಹೊರಿಸಲಾರೆ. ಮತ್ತೆ ಹೋದೆ. ಗುಳಿ ತೊಳೆದು, ಔಷಧಿಯಲ್ಲಿ ಅದ್ದಿದ ಒಂದು ಎಳೆ ಬಟ್ಟೆ ತುರುಕಿದರು. ಬಾಯಿ ತುಂಬ ಲವಂಗದ ಘಾಟು. ಅದರಲ್ಲಿ ಇರುವುದು ಲವಂಗದ ಎಣ್ಣೆಯಿಂದ ಬರುವ ಯೂಜಿನಾಲ್. ಮನೆಗೆ ಬರುವಷ್ಟರಲ್ಲಿ ನೋವು ಮುಕ್ಕಾಲು ಪಾಲು ಇಲ್ಲ. ಗೆಳತಿಗೆ ಇದನ್ನು ಹೇಳಬಾರದಿತ್ತು. ಈಗ ಸ್ಟಾಫ್ ರೂಮಲ್ಲಿ ಅವಳೇ ದಂತವೈದ್ಯೆ.

"ಬೆಂಗಳೂರಿಗೇ ಹೋಗಬೇಕಿತ್ತು" ಅಂದವರು ಬಹಳ. ಎಪ್ಪತ್ತು ಕಿಲೋಮೀಟರ್, ಟ್ರೈನ್ ಇದೆ, ದೊಡ್ಡ ಆಸ್ಪತ್ರೆ ಇದೆ, ಸರಿ. ಆದರೆ ಡ್ರೈ ಸಾಕೆಟ್ ಆದರೆ ಔಷಧಿ ಬದಲಾಯಿಸೋಕೆ ಮತ್ತೆ ಮತ್ತೆ ಹೋಗಬೇಕು. ಆ ದವಡೆ ಹಿಡಿದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ನಿಂತು ಹೋಗುವವರು ಯಾರು? ನಮ್ಮೂರಲ್ಲೇ ಅಗಳಕೋಟೆಯಲ್ಲಿ ಡೆಂಟಲ್ ಕಾಲೇಜು ಇದೆ, ಬಾಯಿ ಮತ್ತು ದವಡೆ ಆಪರೇಷನ್ ಕಲಿತ ಡಾಕ್ಟರ್‌ಗಳು ಊರಲ್ಲೇ ಇದ್ದಾರೆ. ಇಂಥ ಕೆಲಸಕ್ಕೆ ಹತ್ತಿರದ ಕುರ್ಚಿಯೇ ಒಳ್ಳೆಯದು. ನಾನು ಹೋಗಿದ್ದು ಬೇರೊಂದು ಕ್ಲಿನಿಕ್ಕಿಗೆ, ಹೆಸರು ಬೇಡ.

ಆ ಕ್ಲಿನಿಕ್ಕಿನವರಿಗೂ ಉಳಿದವರಿಗೂ ನಾನು ಕೇಳುವುದು ದೊಡ್ಡದೇನಲ್ಲ. ಹತ್ತಿ ತುರುಕುವ ಮೊದಲು ಹೇಳಿ. ಎಕ್ಸ್‌ರೇ ನೋಡಿ ದಿನ ಗೊತ್ತು ಮಾಡುತ್ತೀರಲ್ಲ, ಆಗಲೇ ಹೇಳಿ. ಕನ್ನಡದಲ್ಲಿ ಒಂದು ಹಾಳೆ ಮಾಡಿಸಿ: ಮೊದಲ ದಿನ ಇದು, ಎರಡನೇ ದಿನ ಇದು, ಹೀಗಾದರೆ ಫೋನ್ ಮಾಡಿ. ದಪ್ಪ ಅಕ್ಷರದಲ್ಲಿ. ಹಲ್ಲು ಕೀಳಿಸಿಕೊಂಡವರಿಗೆ ಹೇಳಿದರೆ ಸಾಲದು, ಮನೆಯಲ್ಲಿ ಒಲೆ ಮುಂದೆ ನಿಲ್ಲುವವರಿಗೂ ಹೇಳಿ. ಮತ್ತೆ ರಜೆ ಚೀಟಿಯಲ್ಲಿ ಬರೀ 'ಹಲ್ಲು ತೆಗೆದಿದೆ' ಅಂತ ಬರೆಯದೆ ಶಸ್ತ್ರಚಿಕಿತ್ಸೆ ಅಂತ ಬರೆಯಿರಿ. ನಮ್ಮ ಹೆಡ್‌ಮಾಸ್ಟರ್ ಕನ್ನಡಕ ಮೇಲೇರಲಿ.

ಬಲಗಡೆಯೂ ಒಂದಿದೆ. "ಇದನ್ನೂ ತೆಗೆಸಿಬಿಡಿ" ಅಂದರು ಕ್ಲಿನಿಕ್ಕಿನಲ್ಲಿ. ಅದು ನೆಟ್ಟಗಿದೆ, ಬ್ರಶ್ ತಲುಪುತ್ತದೆ, ಇವತ್ತಿನವರೆಗೂ ಒಂದು ದಿನ ತೊಂದರೆ ಕೊಟ್ಟಿಲ್ಲ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2000ನೇ ಇಸವಿಯಲ್ಲೇ ಹೇಳಿದೆ, ಕಾಯಿಲೆ ಇಲ್ಲದ ಬುದ್ಧಿ ಹಲ್ಲನ್ನು ಮುಂಜಾಗ್ರತೆಗೆ ಅಂತ ಕೀಳಬೇಡಿ ಅಂತ. ವಯಸ್ಸು ಚಿಕ್ಕದಿದ್ದಾಗ ಬೇರು ಪೂರ್ತಿ ಬೆಳೆದಿರಲ್ಲ, ಗಾಯ ಬೇಗ ಮಾಯುತ್ತದೆ, ಆಗಲೇ ತೆಗೆಸಿಬಿಡಿ ಅನ್ನುವ ಡಾಕ್ಟರ್‌ಗಳೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ನನ್ನ ವಯಸ್ಸಂತೂ ದಾಟಿ ಹೋಗಿದೆ. ಆಗಾಗ ತೋರಿಸಿಕೊಂಡು ಬರುತ್ತೇನೆ, ಅಷ್ಟೇ. ತೊಂದರೆ ಕೊಟ್ಟರೆ ಬೇಸಿಗೆ ರಜೆಯಲ್ಲಿ ನೋಡೋಣ. ಅತ್ತೆ ಈಗಲೇ ಹೇಳಿಟ್ಟಿದ್ದಾರೆ, "ಮುಂದಿನ ಸಲ ಜೊತೆಗೆ ನನ್ನ ಮಗ ಬೇಡಮ್ಮ, ನಾನೇ ಬರ್ತೀನಿ. ಆ ಡಾಕ್ಟರ್ ಹತ್ರ ಕೇಳೋದು ಬಹಳ ಇದೆ."