ಪ್ಲೇಸ್ಟೇಷನ್ ಕ್ಲಾಸಿಕ್‌ಗೆ ನಮ್ಮದೇ ಎಮ್ಯುಲೇಟರ್ ಹಾಕಿಕೊಳ್ಳುವುದು ಸರಿಯೇ?

ಪರ

ಟಿವಿಗೆ ಜೋಡಿಸಿ ಆಡುವ ಸೋನಿಯ ಆಟದ ಯಂತ್ರವಾದ ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1994ರ ಡಿಸೆಂಬರ್ 3ರಂದು. ಅದರ ನೆನಪಿಗೆಂದು ಸೋನಿ 2018ರಲ್ಲಿ ಅದೇ ದಿನ ಪುಟ್ಟ ಪ್ಲೇಸ್ಟೇಷನ್ ಕ್ಲಾಸಿಕ್ ಅನ್ನು ಬಿಡುಗಡೆ ಮಾಡಿತು. ಅಮೆರಿಕದಲ್ಲಿ ಬೆಲೆ 99.99 ಡಾಲರ್, ಒಳಗಿದ್ದದ್ದು 20 ಆಟಗಳು. ಅವುಗಳಲ್ಲಿ ಒಂಬತ್ತು ಆಟಗಳು ಸೆಕೆಂಡಿಗೆ 60 ಬಾರಿಯ ಬದಲು 50 ಬಾರಿ ಚಿತ್ರ ಬದಲಿಸುವ ಯುರೋಪಿನ ಆವೃತ್ತಿಗಳಾಗಿದ್ದವು. ಗುಂಡಿ ಒತ್ತುವ ಕ್ಷಣವೇ ಸೋಲು ಗೆಲುವನ್ನು ತೀರ್ಮಾನಿಸುವ ಟೆಕ್ಕನ್ 3ರಂತಹ ಹೊಡೆದಾಟದ ಆಟ ಹೀಗೆ ಜಡವಾಗಿ ಓಡುವುದನ್ನು ಸಣ್ಣ ದೋಷವೆಂದು ತಳ್ಳಿಹಾಕಲಾಗದು.

ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಈ ಪೆಟ್ಟಿಗೆಯಲ್ಲಿಟ್ಟ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಅನುಕರಿಸಿ ಅದರ ಆಟಗಳನ್ನು ಓಡಿಸುವ ತಂತ್ರಾಂಶ, ಸೋನಿಯ ಸ್ವಂತದ್ದಲ್ಲ. ಆಸಕ್ತರು ವರ್ಷಗಟ್ಟಲೆ ದುಡಿದು ಬೆಳೆಸಿದ, ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರುವ ಪಿಸಿಎಸ್ಎಕ್ಸ್ ರೀಆರ್ಮ್ಡ್ ಎಂಬ ತಂತ್ರಾಂಶ. ಕೆಲವು ಯುಎಸ್‌ಬಿ ಕೀಬೋರ್ಡ್‌ಗಳನ್ನು ಜೋಡಿಸಿ ಎಸ್ಕೇಪ್ ಕೀಲಿ ಒತ್ತಿದರೆ ಅದರ ಸೆಟ್ಟಿಂಗ್‌ಗಳೇ ತೆರೆದುಕೊಳ್ಳುತ್ತವೆ ಎಂಬುದು ಬಿಡುಗಡೆಯ ಹೊತ್ತಿಗೇ ಬಯಲಾಗಿತ್ತು. ಸಮುದಾಯದಿಂದ ಪಡೆದದ್ದನ್ನು ಅದೇ ಸಮುದಾಯ ತಿದ್ದಿ ಉತ್ತಮಗೊಳಿಸುವುದು ತಪ್ಪು ಹೇಗಾದೀತು? ಆಟೋಬ್ಲೀಮ್‌ನಂತಹ , ಬೇರೆ ಎಮ್ಯುಲೇಟರ್ ಮತ್ತು ಆಟಗಳನ್ನು ಸೇರಿಸಿಕೊಳ್ಳಲು ನೆರವಾಗುವ ತಂತ್ರಾಂಶ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ. ಡ್ರೈವ್ ತೆಗೆದರೆ ಯಂತ್ರ ಮೊದಲಿನಂತೆಯೇ ಇರುತ್ತದೆ. ಹಣ ಕೊಟ್ಟು ಕೊಂಡವರು, ಕಪಾಟಿನಲ್ಲಿ ಧೂಳು ಹಿಡಿದಿರುವ ತಮ್ಮದೇ ಸಿಡಿಗಳ ಆಟಗಳನ್ನು ಅದರಲ್ಲಿ ಆಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಬಾರದು.

ವಿರೋಧ

ಮಂದಗತಿಯ ದೂರು ನಿಜವೇ, ಆದರೆ ಅದಕ್ಕೆ ಹೊಸ ಎಮ್ಯುಲೇಟರ್ ಮದ್ದಲ್ಲ. ಆ ಒಂಬತ್ತು ಆಟಗಳ ಕಡತಗಳೇ ಯುರೋಪಿನವು. ಎಮ್ಯುಲೇಟರನ್ನು ಬದಲಿಸಿದ ಮಾತ್ರಕ್ಕೆ ಅವು ಅಮೆರಿಕದ ಆವೃತ್ತಿಗಳಾಗುವುದಿಲ್ಲ. ಸರಿಯಾದ ಆವೃತ್ತಿ ಬೇಕೆಂದರೆ ಬೇರೆ ಕಡತವನ್ನೇ ತರಬೇಕು, ಅದು ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಹಳೆಯ ಸಿಡಿಯನ್ನು ಜೋಪಾನವಾಗಿ ಇಟ್ಟುಕೊಂಡು, ಸಿಡಿ ಡ್ರೈವ್ ಹುಡುಕಿ, ಸ್ವತಃ ಪ್ರತಿ ತೆಗೆಯುವ ಶ್ರಮಕ್ಕಿಂತ ಅಂತರ್ಜಾಲದಿಂದ ನೂರಾರು ಆಟಗಳ ಗಂಟನ್ನು ಒಮ್ಮೆಗೇ ಇಳಿಸಿಕೊಳ್ಳುವುದು ಎಷ್ಟೋ ಸುಲಭ. ತಂತ್ರಾಂಶ ಮುಕ್ತವಾಗಿರಬಹುದು; ಆಟಗಳು ಮುಕ್ತವಲ್ಲ. ಅವನ್ನು ಬರೆದವರ, ಚಿತ್ರಿಸಿದವರ, ಸಂಗೀತ ಕೂಡಿಸಿದವರ ದುಡಿಮೆಗೆ ಯಂತ್ರ ಕೊಂಡಾಗ ಕೊಟ್ಟ ಹಣ ಆ ಇಪ್ಪತ್ತು ಆಟಗಳ ಮಟ್ಟಿಗೆ ಮಾತ್ರ ಸಂದಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರಿಗೆ, ಅದು ಕೆಟ್ಟುಹೋದರೆ ಇರಲಿ ಎಂದು, ಇನ್ನೊಂದು ಪ್ರತಿ ಮಾಡಿಕೊಳ್ಳುವ ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿದ 65ಎ ಕಲಮು ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಇನ್ನೊಬ್ಬರು ಮಾಡಿಟ್ಟ ಗಂಟು ಆ ಮೊದಲ ಅವಕಾಶದೊಳಗೆ ಬರುತ್ತದೆಂದು ಪ್ರಾಮಾಣಿಕವಾಗಿ ವಾದಿಸುವುದು ಕಷ್ಟ.

ಯಂತ್ರದ ಮಿತಿಗಳೂ ಇವೆ. ಜೊತೆಗೆ ಬರುವ ಕಂಟ್ರೋಲರಿಗೆ ಹೆಬ್ಬೆರಳಿನಿಂದ ಎಲ್ಲ ದಿಕ್ಕಿಗೂ ವಾಲಿಸುವ ಅನಲಾಗ್ ಕಡ್ಡಿಗಳಿಲ್ಲವಾದ್ದರಿಂದ, 1999ರ ಏಪ್ ಎಸ್ಕೇಪ್‌ನಂತೆ ಅವನ್ನೇ ನಂಬಿದ ಆಟಗಳನ್ನು ತುಂಬಿದರೂ ಅದರಲ್ಲಿ ಆಡಲು ಬರುವುದಿಲ್ಲ. ತಿದ್ದುವ, ಪ್ರಯೋಗಿಸುವ ಆಸೆ ನಿಜವಾಗಿಯೂ ಇರುವವರಿಗೆ ಅದೇ ಪಿಸಿಎಸ್ಎಕ್ಸ್ ರೀಆರ್ಮ್ಡ್ ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ, ಬೇಕಾದ ಕಂಟ್ರೋಲರನ್ನೂ ಅದಕ್ಕೆ ಜೋಡಿಸಿಕೊಳ್ಳಬಹುದು.