ನಾರ್ವೆಗೆ ಹೋಗ್ತೀರಾ? ಸಾಮಾನು ಇಳಿಸುವ ಹಡಗು ಹತ್ತಿ

ನಾರ್ವೆ ಕ್ರೂಸ್ ಅಂದ ತಕ್ಷಣ ನಮ್ಮವರು ಹುಡುಕುವುದು ಈಜುಕೊಳ, ಕ್ಯಾಸಿನೊ, ರಾತ್ರಿ ಶೋ ಎಲ್ಲ ಇರುವ ದೊಡ್ಡ ಹಡಗು. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಒಂದೇ. ಅದನ್ನು ಬಿಡಿ. ಪಶ್ಚಿಮ ಕರಾವಳಿಯ ಬರ್ಗನ್‌ನಿಂದ ರಷ್ಯಾ ಗಡಿ ಹತ್ತಿರದ ಕಿರ್ಕೆನೆಸ್‌ವರೆಗೆ ದಿನಾ ಹೊರಡುವ ಕರಾವಳಿ ಹಡಗು ಹತ್ತಿ.

1893ರಲ್ಲಿ ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ ಶುರು ಮಾಡಿದ ಸೇವೆ ಇದು. ಅದಕ್ಕೆ ಮುಂಚೆ ಉತ್ತರದ ಊರುಗಳಿಗೆ ಚಳಿಗಾಲದಲ್ಲಿ ಒಂದು ಕಾಗದ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತಂತೆ. ಈಗ 34 ಬಂದರು. 2021ರಿಂದ ಹುರ್ಟಿಗ್ರುಟನ್, ಹವಿಲಾ ಎಂಬ ಎರಡು ಕಂಪನಿಗಳು ನಡೆಸುತ್ತಿವೆ. ಸರ್ಕಾರವೂ ದುಡ್ಡು ಕೊಡುತ್ತದೆ, ಏಕೆಂದರೆ ಇದು ಅಲ್ಲಿಯವರ ಓಡಾಟದ ಹಡಗು. ನಮ್ಮ ಹಳ್ಳಿ ಬಸ್ಸಿನ ಹಾಗೆ ಮುಂದಿನ ಊರಿಗೆ ಅಂತ ಹತ್ತಿ ಇಳಿಯುವವರೂ ಇರುತ್ತಾರೆ.

ನನ್ನ ಮಗನಿಗೆ ಜಲಪಾತ ಎರಡು ದಿನಕ್ಕೇ ಸಾಕಾಯಿತು. ಬೇಜಾರಾಗದೇ ಇದ್ದದ್ದು ಬಂದರಿನಲ್ಲಿ ಫೋರ್ಕ್‌ಲಿಫ್ಟ್ ನೋಡುವುದು. ಕೆಲವು ಕಡೆ ಹಡಗು ನಿಲ್ಲುವುದೇ ಕಾಲು ಗಂಟೆ. ಅಷ್ಟರಲ್ಲಿ ಬಾಗಿಲು ತೆರೆದು, ಸಾಮಾನು ಇಳಿಸಿ, ಬೇರೆಯದನ್ನು ಏರಿಸಿ ಹೊರಟೇಬಿಡುತ್ತಾರೆ. ಆರ್ಕ್ಟಿಕ್ ವೃತ್ತ ದಾಟಿದ ಮೇಲೆ ಡೆಕ್ಕಿನಲ್ಲಿ ಸಮುದ್ರರಾಜನ ವೇಷ ಹಾಕಿದವರೊಬ್ಬರು ಕುತ್ತಿಗೆಯೊಳಗೆ ಐಸ್ ಸುರಿಯುತ್ತಾರೆ. ಮಗ ಎರಡನೇ ಸಲ ಸಾಲಿನಲ್ಲಿ ನಿಂತ!

ಅಮ್ಮನ ಚಿಂತೆಯೇ ಬೇರೆ. ಆ ವೃತ್ತದಿಂದ ಮುಂದೆ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಉತ್ತರ ತುದಿಯ ನಾರ್ತ್ ಕೇಪ್ ಕಡೆ ಮೇ ಮಧ್ಯದಿಂದ ಜುಲೈ ಕೊನೆಯವರೆಗೂ ಹಾಗೇ. "ಸಂಜೆ ಶ್ಲೋಕ ಯಾವಾಗ ಹೇಳೋದೋ?" ಅಂತ ಕೇಳಿದರು. ಅಪ್ಪ ಗಡಿಯಾರ ನೋಡಿ ಆರೂವರೆ ಅಂತ ತೀರ್ಪು ಕೊಟ್ಟರು. ಹೊರಗೆ ಮಟಮಟ ಬಿಸಿಲು.

ನನ್ನ ತಕರಾರು ಗೈರಾಂಗರ್ ಬಗ್ಗೆ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಫ್ಯೋರ್ಡ್ ಅದು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರ. ತುದಿಯಲ್ಲಿರುವ ಊರಿನಲ್ಲಿ ವರ್ಷಪೂರ್ತಿ ಇರುವವರು ಕೆಲವು ನೂರು ಜನ ಅಷ್ಟೇ. ದೊಡ್ಡ ಹಡಗು ಅಲ್ಲಿಗೆ ಒಂದೇ ಬೆಳಿಗ್ಗೆ ಮೂರು ಸಾವಿರ ಜನರನ್ನು ಇಳಿಸಿದರೆ ಏನು ಚೆನ್ನ? ಅವರಿಗೂ ಹಿಂಸೆ, ನಮಗೂ ಕಾಣುವುದು ಬರೀ ಸೆಲ್ಫಿ ಸ್ಟಿಕ್. ಕರಾವಳಿ ಹಡಗೂ ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತದೆ, ಆದರೆ ಅದರಲ್ಲಿ ಕೆಲವೇ ನೂರು ಜನ. ಹವಿಲಾ ಹಡಗುಗಳು ಫ್ಯೋರ್ಡಿನ ಒಳಗೆ ಬ್ಯಾಟರಿಯಲ್ಲೇ ಸಾಗಬಲ್ಲವು. ಹೊಗೆ ಬಿಡುವ ದೊಡ್ಡ ಹಡಗುಗಳಿಗೆ ಆ ಫ್ಯೋರ್ಡಿನಲ್ಲಿ 2032ರವರೆಗೆ ಅವಕಾಶವಿದೆ. ಅಷ್ಟು ವರ್ಷ ಬೇಕಿತ್ತಾ ಅನ್ನಿಸುತ್ತದೆ.

ಇದು ಅಗ್ಗ ಅಂತ ಮಾತ್ರ ನಾನು ಹೇಳುವುದಿಲ್ಲ. ಮನರಂಜನೆಯೂ ಕಡಿಮೆ. ಸಸ್ಯಾಹಾರ ಬೇಕೆಂದು ಬುಕ್ ಮಾಡುವಾಗಲೇ ಹೇಳಿಬಿಡಿ, ಚಟ್ನಿಪುಡಿಯೂ ಇರಲಿ. ಜುಲೈ ಆದರೂ ಉತ್ತರದಲ್ಲಿ ಡೆಕ್ ಮೇಲೆ ಸ್ವೆಟರ್, ಟೋಪಿ ಬೇಕೇ ಬೇಕು. ಚಿಕ್ಕ ಮಕ್ಕಳಿದ್ದರೆ ಒಂದು ಕಡೆಯ ಪ್ರಯಾಣ ಸಾಕು, ಕಿರ್ಕೆನೆಸ್‌ನಿಂದ ವಿಮಾನ ಇದೆ. ಇನ್ನು ಕ್ಯಾಬಿನ್. ಕಿಟಕಿಗೆ ಅಂತ ಜಾಸ್ತಿ ದುಡ್ಡು ಸುರಿಯಬೇಡಿ. ನೋಡುವುದೆಲ್ಲ ಡೆಕ್ ಮೇಲೆಯೇ, ನಡುರಾತ್ರಿ ಬಿಸಿಲಿನಲ್ಲಿ ನಿದ್ದೆ ಬರುವುದು ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನಿನಲ್ಲೇ.