ಫಾರಂನಲ್ಲಿ ನಾನು ಟಿಕ್ ಮಾಡದೆ ಬಿಟ್ಟದ್ದು

ಇಂಗ್ಲೆಂಡಿನ ಹಲವು ಕೌನ್ಸಿಲ್‌ಗಳು, ಅಂದರೆ ನಮ್ಮ ಪಾಲಿಕೆಗಳಂಥವು, ಬಜೆಟ್‌ಗೆ ಮುಂಚೆ ಜನರನ್ನು ಕೇಳುತ್ತವೆ: ನಿಮಗೆ ಯಾವ ಸೇವೆ ಮುಖ್ಯ? ಇಲ್ಲಿನ ನಮ್ಮ ಮನೆಗೂ ಫಾರಂ ಬಂತು. ಐದನ್ನು ಆರಿಸಬೇಕು. ಊಟ ಮುಗಿಸಿ ಎರಡೇ ನಿಮಿಷದಲ್ಲಿ ತುಂಬಿದೆ. ಕಸ, ರಸ್ತೆ ಗುಂಡಿ, ಬೀದಿದೀಪ, ಪಾರ್ಕು, ಲೈಬ್ರರಿ. ದಿನಾ ಕಣ್ಣಿಗೆ ಬೀಳೋದು ಅವೇ ಅಲ್ವಾ?

ಕಸವನ್ನು ಮೊದಲು ಹಾಕಿದ್ದು ಸಿಟ್ಟಿಗೆ. ಆ ವಾರ ನಮ್ಮ ಡಬ್ಬಿಯನ್ನು ಎತ್ತದೆ ಹೋಗಿದ್ದರು. ಮುಚ್ಚಳ ಪೂರ್ತಿ ಕೂತಿರಲಿಲ್ಲವಂತೆ. ಮೂರು ಬೆರಳಿನಷ್ಟು ಎದ್ದಿತ್ತು, ಅಷ್ಟೇ. ಅದಕ್ಕೊಂದು ಚೀಟಿ ಅಂಟಿಸಿದ್ದರು. ಇನ್ನು ಹದಿನೈದು ದಿನ ಆ ಡಬ್ಬಿ ನಮ್ಮ ಜೊತೆಗೇ.

ಆಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಮನೆ ಕಂದಾಯದ ಬಿಲ್ ತೆಗೆದು ನೋಡಿದೆ. ಅದರಲ್ಲಿ 'ಅಡಲ್ಟ್ ಸೋಶಿಯಲ್ ಕೇರ್', ಅಂದರೆ ದೊಡ್ಡವರ ಆರೈಕೆಗೆ ಅಂತ ಒಂದು ಬೇರೆ ಸಾಲು. 2016ರಿಂದ ಬರುತ್ತಿದೆ, ನಾನು ಗಮನಿಸಿರಲೇ ಇಲ್ಲ. ಕೈಲಾಗದ ಹಿರಿಯರು, ಅಂಗವಿಕಲರು, ದಿಕ್ಕಿಲ್ಲದ ಮಕ್ಕಳು, ಇವರನ್ನು ನೋಡಿಕೊಳ್ಳುವ ಹೊಣೆಯಿರುವ ಕೌನ್ಸಿಲ್‌ಗಳಲ್ಲಿ ಶಾಲೆಗಳ ದುಡ್ಡು ಬಿಟ್ಟರೆ ಸೇವೆಗಳಿಗೆ ಆಗುವ ಖರ್ಚಿನ ಅರ್ಧಕ್ಕಿಂತ ಜಾಸ್ತಿ ಆ ಆರೈಕೆಗೇ ಹೋಗುತ್ತದೆ. ನಾನು ಟಿಕ್ ಮಾಡಿದ ಐದೂ ಉಳಿದ ದುಡ್ಡಿಗೆ ಕಿತ್ತಾಡಬೇಕು. ಲೈಬ್ರರಿ ನಡೆಸಲೇಬೇಕು ಅಂತ 1964ರ ಕಾನೂನೇ ಇದೆ. ಆದರೆ ದಿನಕ್ಕೆ ಎಷ್ಟು ಗಂಟೆ ಅಂತ ಅದು ಹೇಳುವುದಿಲ್ಲ. ದುಡ್ಡು ಸಾಲದಿದ್ದಾಗ ಮೊದಲು ಕತ್ತರಿ ಬೀಳೋದು ಗಂಟೆಗಳಿಗೆ.

ಈ 'ಕೇರ್' ಅಂದರೆ ಏನು ಅಂತ ತಿಳಿಯಲು ನಾನು ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆ ಅಜ್ಜಿಯ ಬಾಗಿಲ ಬದಿಗೆ ಒಂದು ಪುಟ್ಟ ಪೆಟ್ಟಿಗೆ ಇದೆ. ನಂಬರ್ ಒತ್ತಿದರೆ ಒಳಗೆ ಮನೆ ಕೀಲಿ. ಬೆಳಿಗ್ಗೆ ಏಳೂವರೆಗೆ ಒಬ್ಬ ಹೆಂಗಸು ಬರುತ್ತಾಳೆ, ಅಜ್ಜಿಯನ್ನು ಎಬ್ಬಿಸಿ ಸ್ನಾನ ಮಾಡಿಸಿ ಹೋಗುತ್ತಾಳೆ. ರಾತ್ರಿ ಮತ್ತೆ ಬಂದು ಮಲಗಿಸುತ್ತಾಳೆ.

ನಮ್ಮ ಬೆಂಗಳೂರಿನಲ್ಲಿ ಹೀಗೆ ಕೇಳುವವರಾದರೂ ಯಾರು? ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ ಅಂತ ಓಡಿಹೋಗಿ ಕಂದಾಯ ಕಟ್ಟುತ್ತೇವೆ. ಅದರ ಮೇಲೆ 6% ಗ್ರಂಥಾಲಯ ಕರವನ್ನೂ ಕೊಡುತ್ತೇವೆ. ಬಿಬಿಎಂಪಿಗೆ ಚುನಾವಣೆ ಆಗಿದ್ದು 2015ರಲ್ಲಿ. ಆ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2025ರಲ್ಲಿ ಪಾಲಿಕೆಯನ್ನೇ ಐದಾಗಿ ಒಡೆದರು, ಅಷ್ಟರೊಳಗೆ ಇನ್ನೊಂದು ಚುನಾವಣೆ ಆಗಲಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಬರೀ ಟಿಕ್ಕೇ ಇರಬಹುದು, ಆದರೂ ಕೇಳುತ್ತಾರಲ್ಲ, ಅದು ನನಗೆ ಇಷ್ಟ.

ಹಾಗಂತ ಬೆಂಗಳೂರಲ್ಲೂ ಫಾರಂ ಕೊಟ್ಟರು ಅಂತಿಟ್ಟುಕೊಳ್ಳಿ. 'ಹಿರಿಯರ ಆರೈಕೆ' ಅನ್ನೋ ಸಾಲು ಅದರಲ್ಲಿ ಇರುತ್ತಿತ್ತಾ? ನನಗಂತೂ ಅನುಮಾನ. ಅದು ಪಾಲಿಕೆ ಕೆಲಸ ಅಂತ ನಮಗೆ ಅನಿಸಿದ್ದೇ ಇಲ್ಲ, ಅದು ಸೊಸೆ ಕೆಲಸ. ನಮ್ಮಜ್ಜಿ ಹಾಸಿಗೆ ಹಿಡಿದ ಎಂಟು ವರ್ಷ ಅಮ್ಮನೇ ನೋಡಿಕೊಂಡರು. ಯಾವ ಬಿಲ್ಲಿನಲ್ಲೂ ಅದರ ಲೆಕ್ಕ ಬರಲಿಲ್ಲ. ನಿನಗೇನು ಬೇಕಮ್ಮ ಅಂತ ಅವರನ್ನೂ ಯಾರೂ ಕೇಳಲಿಲ್ಲ, ನಾನೂ ಸೇರಿ. ಈಗ ಅಮ್ಮ ಒಬ್ಬರೇ ಇದ್ದಾರೆ. ನಾನು ಇಲ್ಲಿಂದ ಫೋನ್‌ನಲ್ಲೇ ಹೋಮ್ ನರ್ಸ್ ಸಂಬಳ ಹಾಕುತ್ತೇನೆ. ಮನೆಯ ಆರೈಕೆ ಮನೆಯಲ್ಲೇ ಆಗಬೇಕು ಅಂತ ಭಾಷಣ ಮಾಡಲು ನನಗೆ ಯಾವ ಬಾಯಿದೆ?

ಗುರುವಾರ ರಾತ್ರಿ ಪಕ್ಕದ ಮನೆ ಅಜ್ಜಿಯ ಕಸದ ಡಬ್ಬಿಯನ್ನೂ ನಾನೇ ಬೀದಿಗೆ ಎಳೆದಿಡುತ್ತೇನೆ. ಆವತ್ತು ಕೇಳಿದೆ, ಫಾರಂ ತುಂಬಿದಿರಾ ಅಂತ. ನೀವು ಆರೈಕೆಗೇ ಟಿಕ್ ಹಾಕಿರಬೇಕು ಅಂದೆ. ಅವರು ನಕ್ಕರು. ಅದು ಹೇಗೂ ಬರ್ತಾ ಇದೆಯಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಶೌಚಾಲಯ ಮುಚ್ಚಿದ್ದಾರೆ ನೋಡು, ಅದು ಬೇಕು ಅಂತ ಬರೆದೆ ಅಂದರು. ಹಿರಿಯರಿಗೆ ಬೆಳಿಗ್ಗೆ 9.30ರ ಮೇಲೆ ಬಸ್ ಪುಕ್ಕಟೆ. ವಾಕರ್ ಹಿಡಿದು ಬಸ್ ಹತ್ತುವ ಧೈರ್ಯವೂ ಅವರಿಗಿದೆ. ಆದರೆ ಪೇಟೆಯಲ್ಲಿ ಇಳಿದ ಮೇಲೆ ಎಲ್ಲಿಗೆ ಹೋಗಬೇಕು? ಸಾರ್ವಜನಿಕ ಶೌಚಾಲಯ ನಡೆಸಲೇಬೇಕು ಅಂತ ಇಲ್ಲಿನ ಕೌನ್ಸಿಲ್‌ಗಳಿಗೆ ಕಾನೂನಿನ ಕಟ್ಟಳೆ ಇಲ್ಲ. ಅಜ್ಜಿ ಪೇಟೆ ನೋಡಿ ನಾಲ್ಕು ತಿಂಗಳಾಗಿದೆ.

ಫಾರಂನಲ್ಲಿ ಶೌಚಾಲಯಕ್ಕೆ ಟಿಕ್ ಮಾಡುವ ಜಾಗವೇ ಇರಲಿಲ್ಲ. 'ಇತರೆ' ಅನ್ನುವ ಸಾಲಿನಲ್ಲಿ ಪೆನ್ನಿನಿಂದ ಬರೆದು ಕಳಿಸಿದ್ದರಂತೆ. ನಾನು ಆ ಸಾಲನ್ನು ಖಾಲಿ ಬಿಟ್ಟಿದ್ದೆ.